ಮೈನಸ್ ಎಂಬತ್ತು

ಡಂಡೀಯಲ್ಲಿ ನವೆಂಬರ್ ಬಂತೆಂದರೆ ನಾಲ್ಕಕ್ಕೇ ಕತ್ತಲು.
ಟೇ ನದಿ ಕಾಣುವುದಿಲ್ಲ, ಸೇತುವೆಯ ದೀಪಗಳಷ್ಟೇ.
ನಾನು ನೆಲಮಾಳಿಗೆಯಲ್ಲಿ ಆರು ಫ್ರೀಜರುಗಳ ಕಾವಲಿಗೆ.
ಅಲಾರಂ ಕೂಗಿದರೆ ಓಡುವುದು, ಕೂಗದಿದ್ದರೆ ಬರೆಯುವುದು:
ಮೈನಸ್ ಎಂಬತ್ತು. ಮೈನಸ್ ಎಪ್ಪತ್ತೊಂಬತ್ತು. ಮತ್ತೆ ಎಂಬತ್ತು.

ಒಳಗೆ ಹೆಂಗಸರಿದ್ದಾರೆ,
ಹೆಸರು ಕಳಚಿಟ್ಟು, ಕಪ್ಪು ಪಟ್ಟೆಗಳ ಚೀಟಿ ಅಂಟಿಸಿಕೊಂಡು
ಅರ್ಧ ಕಿರುಬೆರಳಿನಷ್ಟು ಸೀಸೆಗಳಲ್ಲಿ.
ರಕ್ತವೆಂದರೆ ಇಲ್ಲಿ ಕೆಂಪಲ್ಲ.
ಯಂತ್ರದಲ್ಲಿ ಗಿರಗಿರ ತಿರುಗಿ ಕೆಂಪು ತಳ ಸೇರಿದ ಮೇಲೆ
ಉಳಿಯುವ ತಿಳಿ,
ಹೊಸ ಗೋಣಿನಾರಿನ ಬಣ್ಣ.

ಮೋರಾಗ್ ಗೆಡ್ಡಿಸ್‌ಗೆ ಇದನ್ನು ಹೇಳಿದಾಗ ನಕ್ಕಿದ್ದಳು.
ಹದಿನೈದಕ್ಕೇ ಸೆಣಬಿನ ಗಿರಣಿ ಸೇರಿದವಳು;
ಮಗ್ಗಗಳ ಗದ್ದಲಕ್ಕೆ ಎರಡೂ ಕಿವಿ ಕೊಟ್ಟು
ತುಟಿ ನೋಡಿ ಮಾತು ತಿಳಿಯಲು ಕಲಿತವಳು.
ನನ್ನ ರಾಯಚೂರು ಇಂಗ್ಲಿಷು ಈ ಊರಲ್ಲಿ
ಅವಳೊಬ್ಬಳಿಗೇ ಪೂರ್ತಿ ಅರ್ಥವಾಗುವುದು.
‘ಹಾಗಾದರೆ ನಾನು ಒಳಗೂ ಗೋಣಿಯೇ’ ಅಂದಳು.

ಗಂಜ್‌ನಲ್ಲಿ ಅಪ್ಪ ತೊಗರಿ ನೋಡುತ್ತಿದ್ದುದು ಹಾಗೆ.
ಚೀಲ ಬಿಚ್ಚುವಂತಿಲ್ಲ.
ಪಕ್ಕೆಗೆ ಚೂಪು ಕೊಳವೆ ಚುಚ್ಚಿ ಎಳೆದರೆ
ಅಂಗೈಗೆ ಒಂದು ಹಿಡಿ ಕಾಳು.
ಹುಳ ಉಂಟೋ ಇಲ್ಲವೋ ಆ ಹಿಡಿಯೇ ಹೇಳಬೇಕು.
ಎಷ್ಟೋ ಸಲ ಹಿಡಿ ಚೊಕ್ಕ,
ಚೀಲದ ಮೂಲೆಯಲ್ಲಿ ಹಿಟ್ಟು.

ಅವಳ ತಂಗಿ ಎಫಿ.
ಹೊಟ್ಟೆ ಉಬ್ಬರ ಅಂದಳು, ಪುದೀನ ಎಣ್ಣೆಯ ಗುಳಿಗೆ ಕೊಟ್ಟರು.
ಎರಡು ತುತ್ತಿಗೇ ಸಾಕಾಗುತ್ತೆ ಅಂದಳು, ವಯಸ್ಸು ಅಂದರು.
ಗಳಿಗೆಗೊಮ್ಮೆ ಬಚ್ಚಲಿಗೆ ಓಡುತ್ತೇನೆ ಅಂದಳು,
ಟೀ ಕಡಿಮೆ ಮಾಡಿ ಅಂದರು.
ಸ್ಕರ್ಟಿನ ಗುಂಡಿಯನ್ನು ಎರಡು ಸಲ ಸರಿಸಿ ಹೊಲಿದುಕೊಂಡಳು.
ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೇ ಬಂದ ಹೆಂಗಸು,
ಇದನ್ನೂ ಹಾಕಿಕೊಂಡಳು.
ಸ್ಕ್ಯಾನ್ ಆಗುವ ಹೊತ್ತಿಗೆ
ಕರುಳಿನ ಪೊರೆಯ ತುಂಬ ರವೆ ಚೆಲ್ಲಿದ ಹಾಗಿತ್ತು.

ನಮ್ಮಲ್ಲಿ ಅದಕ್ಕೆ ಅಂಡಾಶಯ ಎನ್ನುತ್ತೇವೆ, ಅಂದೆ.
ಆಶಯ ಅಂದರೆ ಇರುವ ಜಾಗ. ಮನಸ್ಸಿನ ಬಯಕೆಗೂ ಅದೇ ಪದ.
ಮೋರಾಗ್ ನನ್ನ ತುಟಿಯಿಂದ ಅದನ್ನು ಬಿಡಿಸಿಕೊಂಡು
ಸದ್ದಿಲ್ಲದೆ ತನ್ನ ಬಾಯಲ್ಲಿ ಆಡಿಸಿ ನೋಡಿದಳು.

ಮೇಲಿನ ಮಹಡಿಯಲ್ಲಿ ಡಾಕ್ಟರ್ ಕಿನ್ಲಾಕ್
ಬೇರೆಯೇ ಹೇಳುತ್ತಾಳೆ ಈಗ:
ಅನೇಕರಲ್ಲಿ ಶುರುವಾಗುವುದು ಅಲ್ಲಲ್ಲ, ಪಕ್ಕದ ನಾಳದಲ್ಲಿ,
ಬೆರಳು ಬಿಡಿಸಿದಂತಿರುವ ಅದರ ತುದಿಯಲ್ಲಿ,
ಎಳ್ಳಿಗಿಂತ ಸಣ್ಣದಾಗಿ.
ನಾಳವನ್ನು ತೆಳುವಾಗಿ ಹೆಚ್ಚಿ ಬಣ್ಣ ಹಾಕಿ ಕಣ್ಣು ಕೀಲಿಸುತ್ತಾಳೆ.
ಇಷ್ಟು ವರ್ಷ ಪಕ್ಕದ ಮನೆಯ ಬಾಗಿಲು ಬಡಿದೆವೇನೋ, ಎನ್ನುತ್ತಾಳೆ.

ಹೋದ ವಾರ ನಮ್ಮ ಲೆಕ್ಕ ಬಂತು.
ಬೇಗ ಕಂಡುಹಿಡಿದದ್ದು ನಿಜ.
ಬೇಗ ಕಂಡವರೂ ತಡವಾಗಿ ಕಂಡವರೂ
ಹೆಚ್ಚುಕಡಿಮೆ ಅಷ್ಟೇ ದಿನ ಇದ್ದದ್ದೂ ನಿಜ.
ಸಭೆಯಲ್ಲಿ ಯಾರೂ ಬಿಸ್ಕತ್ತು ಮುಟ್ಟಲಿಲ್ಲ.

ಇವತ್ತು ಮೋರಾಗ್ ಬಂದಳು, ಎಂದಿನಂತೆ
ಡಬ್ಬಿಯಲ್ಲಿ ಹಾಲು ಸಕ್ಕರೆಯ ಮಿಠಾಯಿ ಹಿಡಿದು.
‘ಹಾಗಾದರೆ ನಿಲ್ಲಿಸುತ್ತೀರಾ?’
ಇಲ್ಲ, ಹಳೆಯ ಸೀಸೆಗಳಲ್ಲೇ ಇನ್ನೇನನ್ನೋ ಹುಡುಕುತ್ತಾರಂತೆ.
‘ನನ್ನ ಕಾಲಕ್ಕೆ ಸಿಗುತ್ತದಾ?’
ನನ್ನ ತುಟಿ ಅಲ್ಲಾಡಲಿಲ್ಲ. ಅದನ್ನೂ ಓದಿದಳು.
ಸ್ವೆಟರಿನ ತೋಳು ಮೇಲೇರಿಸಿದಳು:
‘ಈ ಸಲ ಎಡಗೈ ತಗೋ. ಬಲಗೈಯಲ್ಲಿ ಇಸ್ಪೀಟು ಆಡಬೇಕು ಸಂಜೆ.’

ಎಫಿಯ ಸೀಸೆಗಳೂ ಇಲ್ಲೇ ಎಲ್ಲೋ ಇವೆ, ಮೂರು.
ಅಕ್ಕನ ಜೊತೆ ಬಂದು ಮೂರು ವರ್ಷ ಕೊಟ್ಟಿದ್ದಳು.
ಯಾವುದೆಂದು ನನಗೆ ತಿಳಿಯಕೂಡದು, ಅದು ನಿಯಮ.
ಹದಿನೆಂಟನೆಯದನ್ನು ಒಳಗಿಡಲು ಬಾಗಿಲು ತೆಗೆದೆ,
ಬಿಳಿ ಹಬೆ ಮೊಣಕಾಲ ತನಕ ಇಳಿಯಿತು.
ಯಾಕೋ ಸ್ವಲ್ಪ ಹೊತ್ತು ಹಾಗೇ ನಿಂತೆ.

ಮೈನಸ್ ಎಪ್ಪತ್ತನಾಲ್ಕು. ಕಾರಣ: ಬಾಗಿಲು ತೆರೆದಿತ್ತು.
ಬರೆದು ಕಾಯುತ್ತಿದ್ದೇನೆ,
ಇಳಿಯಲಿ ಎಂದು.